ಅಬ್ರಹಾಮನ ಕಾಗದ, ಆಶುವಿನ ಹೆಸರು

ನಮ್ಮ ಮುತ್ತಜ್ಜಿಯ ಹೆಸರು ಯಾವ ಕಾಗದದಲ್ಲೂ ಇಲ್ಲ. ಇದು ನನಗೆ ಗೊತ್ತಾದದ್ದು ಅಣ್ಣನ ಮಗನಿಗೆ ವಂಶವೃಕ್ಷ ಮಾಡಿಸಲು ಕಚೇರಿಗೆ ಅಲೆದಾಗ. ಅಲ್ಲಿ ಕೂತಿದ್ದವರು ಒಂದು ನಮೂನೆ ಕೊಟ್ಟರು. ಮೇಲೆ ಒಂದು ಚೌಕ. ಅದರಲ್ಲಿ ಮುತ್ತಜ್ಜನ ಹೆಸರು ಬರೆಯಬೇಕು, ಕೆಳಗೆ ಗೆರೆ ಎಳೆದು ಅವನ ಗಂಡುಮಕ್ಕಳು, ಅವರ ಕೆಳಗೆ ಅವರ ಗಂಡುಮಕ್ಕಳು. ‘ಮುತ್ತಜ್ಜಿ ಹೆಸರು ಎಲ್ಲಿ ಬರೀಬೇಕು ಸಾರ್?’ ಅಂದೆ. ‘ಮೂಲಪುರುಷನ ಹೆಸರಿದ್ರೆ ಸಾಕು ಮೇಷ್ಟ್ರೆ, ಹೆಂಗಸರದ್ದು ಯಾಕೆ’ ಅಂದರು. ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, ‘ಎಲ್ಲಾರೂ ದೊಡ್ಡವ್ವ ಅಂತಿದ್ರು ಕಣಪ್ಪ. ಹೆಸರು ಯಾರು ಕೇಳಿದ್ರು?’ ಅಂದಳು. ದೊಡ್ಡವ್ವ ಊರ ಗೌಡರ ಮನೆಯಲ್ಲಿ ಗಂಡನ ಸಾಲಕ್ಕೆ ಜೀತವಿದ್ದವಳು. ಸಾಲದ ಪತ್ರ ಇತ್ತಂತೆ. ಅದರಲ್ಲಿ ಹೆಬ್ಬೆಟ್ಟು ಗಂಡನದು, ದುಡಿತ ಇವಳದು.

ಆ ದಿನಗಳಲ್ಲೇ ನಾನು ಒಬ್ಬ ಯಹೂದಿ ವ್ಯಾಪಾರಿಯ ವಿಷಯ ಓದುತ್ತಿದ್ದೆ. ಅವನು ಸುಮಾರು 900 ವರ್ಷಗಳ ಹಿಂದೆ ಮಂಗಳೂರಿಗೆ ಬಂದು ನೆಲೆನಿಂತವನು. ಅಬ್ರಹಾಂ ಬೆನ್ ಯಿಜು ಅಂತ ಅವನ ಹೆಸರು. ನಮ್ಮ ದೊಡ್ಡವ್ವ ಸತ್ತು ನೂರು ವರ್ಷವೂ ಆಗಿಲ್ಲ, ಅವಳ ಹೆಸರು ಗೊತ್ತಿಲ್ಲ. ಈ ಅಬ್ರಹಾಮನ ಮನೆಗೆ ಏಡನ್ನಿನಿಂದ ಬಾಣಲೆ ಬಂದದ್ದು, ಜರಡಿ ಬಂದದ್ದು, ಸಾಬೂನು, ಸಕ್ಕರೆ, ಒಣದ್ರಾಕ್ಷಿ, ಚಾಪೆ ಬಂದದ್ದು ಎಲ್ಲ ಗೊತ್ತು! ಕಾಗದ ಇದ್ದವನು 900 ವರ್ಷ ಬದುಕುತ್ತಾನೆ, ಇಲ್ಲದವಳು ಮೊಮ್ಮಕ್ಕಳ ಬಾಯಲ್ಲೇ ಸಾಯುತ್ತಾಳೆ. ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅಬ್ರಹಾಮನ ಆ ಕಾಗದದ ರಾಶಿಯೊಳಗೆ ನಮ್ಮ ಕಡೆಯ ಇಬ್ಬರು ಸಿಕ್ಕಿಕೊಂಡಿದ್ದಾರೆ. ಒಬ್ಬಳು ಆಶು, ಇನ್ನೊಬ್ಬ ಬೊಮ್ಮ. ಇಬ್ಬರೂ ಅವನು ಕೊಂಡ ಆಳುಗಳು.

ಮೊದಲು ಆ ಕಾಗದಗಳು ಉಳಿದ ಬಗೆ ಹೇಳಬೇಕು. ಹಳೆಯ ಕೈರೋ ಪಟ್ಟಣದ ಫುಸ್ತಾತ್ ಎಂಬಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ಯಹೂದಿಗಳಲ್ಲಿ ದೇವರ ಹೆಸರು ಬರೆದ ಕಾಗದವನ್ನು ಸುಡಬಾರದು, ಹರಿದೆಸೆಯಬಾರದು ಎಂಬ ಕಟ್ಟಳೆ. ಅದಕ್ಕಾಗಿ ಮಂದಿರಕ್ಕೆ ಸೇರಿಕೊಂಡಂತೆ ಒಂದು ಕತ್ತಲೆ ಕೋಣೆ. ಅದರ ಹೆಸರು ಗೆನಿಜಾ. ಹಳೆಯ ಧರ್ಮಗ್ರಂಥದ ಹಾಳೆಗಳನ್ನು ಅದರೊಳಗೆ ಹಾಕುತ್ತಿದ್ದರು. ವ್ಯಾಪಾರದ ಕಾಗದವೂ ‘ದೇವರ ದಯೆಯಿಂದ’ ಅಂತಲೇ ಶುರುವಾಗುವುದಲ್ಲ; ಹೀಗಾಗಿ ಅಂಗಡಿ ಲೆಕ್ಕ, ಮದುವೆ ಕರಾರು, ಸಾಲಪತ್ರ, ಅಣ್ಣತಮ್ಮಂದಿರ ಜಗಳ ಎಲ್ಲವೂ ಅದೇ ಕೋಣೆಗೆ ಬಿದ್ದವು. ಮಳೆ ಕಡಿಮೆ ಇರುವ ಸೀಮೆ, ಗೆದ್ದಲು ಹಿಡಿಯಲಿಲ್ಲ. 1896ರ ಕೊನೆಯಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸ ಅಲ್ಲಿಗೆ ಹೋಗಿ ಸುಮಾರು 1,93,000 ತುಣುಕುಗಳನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದ. ಇನ್ನಷ್ಟು ತುಣುಕುಗಳು ಬೇರೆ ಬೇರೆ ಕೈಗಳ ಮೂಲಕ ರಷ್ಯಾ, ಅಮೆರಿಕ, ಜೆರುಸಲೇಮಿಗೆ ಹೋದವು. ಈಜಿಪ್ಟಿನ ನೆಲದಲ್ಲಿ ಎಂಟು ನೂರು ವರ್ಷ ಉಳಿದದ್ದು ಈಜಿಪ್ಟಿನಲ್ಲಿ ಉಳಿಯಲಿಲ್ಲ. ಸಾಮ್ರಾಜ್ಯಶಾಹಿಯ ಕಾಲ, ಕೇಳುವವರು ಯಾರು?

ಅಬ್ರಹಾಮನಿಗೆ ಸಂಬಂಧಪಟ್ಟ ಕಾಗದಗಳೇ 70ಕ್ಕೂ ಹೆಚ್ಚು ಸಿಕ್ಕಿವೆ. ಹೆಚ್ಚಿನವು ಅರಬ್ಬಿ ಮಾತು, ಹೀಬ್ರೂ ಲಿಪಿ. ಜರ್ಮನಿಯಲ್ಲಿ ಹುಟ್ಟಿ, ಪ್ಯಾಲೆಸ್ತೀನಿಗೆ ಹೋಗಿ, ಆಮೇಲೆ ಅಮೆರಿಕ ಸೇರಿದ ಎಸ್. ಡಿ. ಗೊಯ್ಟೈನ್ ಎಂಬ ಪಂಡಿತರು ದಶಕಗಟ್ಟಲೆ ಕೂತು ಇವುಗಳನ್ನು ಜೋಡಿಸಿದರು. ಅವರು 1985ರಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಮೊರ್ದೆಖಾಯ್ ಫ್ರೀಡ್‌ಮನ್ ಮುಂದುವರಿಸಿ 2008ರಲ್ಲಿ ಭಾರತದ ವ್ಯಾಪಾರಿಗಳ ಕಾಗದಗಳನ್ನು ದೊಡ್ಡ ಸಂಪುಟವಾಗಿ ಇಂಗ್ಲಿಷಿನಲ್ಲಿ ತಂದರು. ಇವರಿಬ್ಬರ ನಡುವೆ ನಮ್ಮ ದೇಶದ ಲೇಖಕ ಅಮಿತಾವ್ ಘೋಷ್ ಬರುತ್ತಾರೆ. 1978ರಲ್ಲಿ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಗೊಯ್ಟೈನರ ಅನುವಾದ ಓದುವಾಗ ಅವರಿಗೆ ಕಂಡದ್ದು ಅಬ್ರಹಾಮನಲ್ಲ, ಅವನ ಭಾರತೀಯ ಗುಲಾಮ. ಆ ಆಳಿನ ಬೆನ್ನು ಹತ್ತಿ ಅರಬ್ಬಿ ಕಲಿತು, ಈಜಿಪ್ಟಿನ ಹಳ್ಳಿಯಲ್ಲಿದ್ದು, 1990ರಲ್ಲಿ ಮಂಗಳೂರಿಗೂ ಬಂದು, 1992ರಲ್ಲಿ ಪುಸ್ತಕ ಬರೆದರು. ಆಳನ್ನು ಹುಡುಕಿಕೊಂಡು ಬರುವ ಚರಿತ್ರೆಕಾರರು ಅಪರೂಪ. ಅಷ್ಟರಮಟ್ಟಿಗೆ ನಾವು ಅವರಿಗೆ ಋಣಿಗಳು. ಜಗಳ ಆಮೇಲೆ ಆಡೋಣ.

ಅಬ್ರಹಾಂ ಹುಟ್ಟಿದ್ದು ಇಂದಿನ ಟ್ಯುನೀಷಿಯಾದ ಮಹ್ದಿಯಾ ಎಂಬ ರೇವುಪಟ್ಟಣದಲ್ಲಿ. ತಂದೆ ಪೆರಾಹ್ಯಾ ಓದುಬರಹ ಬಲ್ಲವನು. ಯೂಸುಫ್, ಮುಬಶ್ಶಿರ್ ಎಂಬ ಸೋದರರು, ಒಬ್ಬಳು ಸೋದರಿ. ಅಬ್ರಹಾಂ ಈಜಿಪ್ಟು ದಾಟಿ ಏಡನ್ನಿಗೆ ಬಂದ. ಅಲ್ಲಿ ಮದ್ಮೂನ್ ಎಂಬ ದೊಡ್ಡ ವ್ಯಾಪಾರಿ, ಬಂದರಿನ ಮೇಲ್ವಿಚಾರಕ, ಯಹೂದಿ ಸಮುದಾಯದ ಮುಖಂಡ. ಅವನ ಆಸರೆಯಲ್ಲಿ ಬೆಳೆದು 1132ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ. ಆಗ ಇಲ್ಲಿ ಆಳುಪರ ಆಳ್ವಿಕೆ. ಅವರ ಕಾಗದಗಳಲ್ಲಿ ನಮ್ಮ ಮಂಗಳೂರು ‘ಮಂಜರೂರ್’ ಆಗಿದೆ. ಸುಮಾರು 17 ವರ್ಷ, ನಡುನಡುವೆ ಏಡನ್ನಿಗೆ ಹೋಗಿಬಂದದ್ದು ಬಿಟ್ಟರೆ, ಈ ಕರಾವಳಿಯೇ ಅವನ ನೆಲೆ.

ಇಲ್ಲಿಂದ ಹೋದದ್ದು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಜೊತೆಗೆ ಒಂದು ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನವರು ಒಡೆದ ತಟ್ಟೆ, ಮುರಿದ ದೀಪ, ಹಳೆ ಹೂಜಿ ಕಳಿಸುವರು. ಇಷ್ಟು ತೂಕದ್ದು, ಇಂಥ ಆಕಾರದ್ದು ಮಾಡಿಸಿ ಕಳಿಸು ಎಂದು ಬರೆಯುವರು. ಒಂದು ಕಾಗದದಲ್ಲಿ ಹಡಗು ಒಡೆದ ಸುದ್ದಿ ಇದೆ. ಮೆಣಸೆಲ್ಲ ನೀರುಪಾಲು. ಕಬ್ಬಿಣಕ್ಕೆ ಮಾತ್ರ ಏಡನ್ನಿನಿಂದ ಮುಳುಗುಗಾರರನ್ನು ಕರೆಸಿ ಸಮುದ್ರದೊಳಗಿಂದ ಎತ್ತಿಸಿದ್ದಾರೆ. ಮುಳುಗಿದವರ ಹೆಸರಿಲ್ಲ, ಎತ್ತಿದ ಕಬ್ಬಿಣದ ಲೆಕ್ಕ ಇದೆ. ಕಂಚು ಕಾಯಿಸಿದವರ ಕೈ ಸುಟ್ಟ ವಿಷಯವೂ ಇಲ್ಲ. ಇದೇನು ಹೊಸದಲ್ಲ, ನಮ್ಮ ದೇವಸ್ಥಾನದ ಶಾಸನಗಳಲ್ಲಿ ಕಲ್ಲು ಹೊತ್ತವರ ಹೆಸರು ಎಷ್ಟು ಸಿಕ್ಕೀತು?

ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟವಾಯಿತು. ಇಲ್ಲಿ ನಮ್ಮವರು ಬರೆಯುತ್ತಿದ್ದದ್ದು ತಾಳೆಗರಿಯಲ್ಲಿ. ಅಬ್ರಹಾಮನಿಗೆ ಕಾಗದವೇ ಬೇಕು, ಅದೂ ಒಳ್ಳೆಯದು, ಅವನು ಅಕ್ಷರ ಚೆನ್ನಾಗಿ ಬರೆಯುವವನು. ಏಡನ್ನಿನ ಗೆಳೆಯರು ಕಾಗದ ಕಳಿಸುತ್ತಲೇ ಇದ್ದರು. ಆದರೂ ಸಾಲದು. ಬಂದ ಪತ್ರದ ಬೆನ್ನ ಮೇಲೆ, ಅಂಚಿನಲ್ಲಿ, ಸಾಲುಗಳ ನಡುವೆ ತನ್ನ ಲೆಕ್ಕ, ಕರಡು, ಪದ್ಯ ಎಲ್ಲ ಗೀಚಿದ. ಹೀಗಾಗಿ ಅವನಿಗೆ ಬಂದ ಪತ್ರದ ಬೆನ್ನಿಗೇ ಅವನ ಮನೆಯ ಒಳಗೂ ಅಂಟಿಕೊಂಡಿತು. ಸಂಶೋಧಕರು ಆ ಕೈಬರಹವನ್ನು ಗುರುತುಹಿಡಿದೇ ಬೇರೆ ಬೇರೆ ದೇಶಗಳಲ್ಲಿ ಚದುರಿದ ತುಣುಕುಗಳನ್ನು ಒಂದೇ ಮನೆಯದೆಂದು ಕೂಡಿಸಿದ್ದು. ಒಂದು ಕಾಗದದ ಅರ್ಧ ಒಂದು ದೇಶದಲ್ಲಿ, ಇನ್ನರ್ಧ ಇನ್ನೊಂದು ದೇಶದಲ್ಲಿ ಸಿಗುವುದೂ ಗೆನಿಜಾದ ಕೆಲಸ ಮಾಡುವವರಿಗೆ ಮಾಮೂಲು.

ಈಗ ಆಶುವಿನ ವಿಷಯ. 1132ನೇ ಇಸವಿ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ ಇಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅದು ಬಿಡುಗಡೆ ಪತ್ರ. ಅಬ್ರಹಾಂ ತನ್ನ ದಾಸಿ ಆಶುವನ್ನು ಬಿಡುಗಡೆ ಮಾಡಿದ್ದಾನೆ. ಅವಳು ಯಹೂದಿ ಮತಕ್ಕೆ ಸೇರಿದವಳು ಎಂದೂ ಅದರಲ್ಲಿದೆ. ಇಂಥ ಪತ್ರಗಳಿಗೆ ಒಂದು ಕಟ್ಟುಪಾಡಿನ ಭಾಷೆ: ಇನ್ನು ಮೇಲೆ ನೀನು ನಿನ್ನವಳು, ನಿನ್ನ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಹಕ್ಕಿಲ್ಲ, ಮದುವೆಯಾಗಲು ನೀನು ಸ್ವತಂತ್ರಳು ಎಂಬ ಅರ್ಥದ ಮಾತು. ಓದಿದರೆ ಮೈ ಝುಂ ಅನ್ನುತ್ತದೆ. ನಮ್ಮ ದೇಶದಲ್ಲಿ ಜೀತವಿಮುಕ್ತಿ ಕಾಯ್ದೆ ಬಂದದ್ದು 1976ರಲ್ಲಿ. ‘ನೀನು ನಿನ್ನವಳು’ ಅಂತ ಕಾಗದದಲ್ಲಿ ಬರೆಸಿಕೊಂಡ ಒಬ್ಬ ಹೆಂಗಸು ಅದಕ್ಕೆ 844 ವರ್ಷ ಮೊದಲೇ ಮಂಗಳೂರಿನಲ್ಲಿ ಇದ್ದಳು!

ಆದರೆ ಅವಳು ಬರೆಸಿಕೊಂಡಳೋ, ಅವನು ಬರೆದನೋ? ಇದು ಕೇಳಬೇಕಾದ ಪ್ರಶ್ನೆ. ಯಹೂದಿ ಶಾಸ್ತ್ರದ ಪ್ರಕಾರ ಒಡೆಯ ತನ್ನ ದಾಸಿಯ ಜೊತೆ ಕೂಡುವಂತಿಲ್ಲ. ದಾಸಿಗೆ ಹುಟ್ಟಿದ ಮಗು ದಾಸ. ಮಗು ಯಹೂದಿಯಾಗಬೇಕಾದರೆ ತಾಯಿ ಯಹೂದಿಯಾಗಿರಬೇಕು, ಸ್ವತಂತ್ರಳಾಗಿರಬೇಕು. ಅಂದರೆ ಅಬ್ರಹಾಮನಿಗೆ ಸಂಸಾರ ಬೇಕಿದ್ದರೆ ಆಶುವಿಗೆ ಬಿಡುಗಡೆ ಆಗಲೇಬೇಕು. ಬಿಡುಗಡೆ ಅವಳ ಹಕ್ಕಾಗಿ ಬಂದದ್ದಲ್ಲ, ಅವನ ವಂಶಕ್ಕೆ ಬೇಕಾಗಿ ಬಂದದ್ದು. ಇನ್ನೂ ಒಂದು ವಿಚಿತ್ರ ನೋಡಿ. ಹೊಸದಾಗಿ ಮತಕ್ಕೆ ಸೇರಿದವರನ್ನು ಅವರಲ್ಲಿ ‘ಅಬ್ರಹಾಮನ ಮಗಳು’, ‘ಅಬ್ರಹಾಮನ ಮಗ’ ಎಂದೇ ಬರೆಯುವ ರೂಢಿ. ಅಬ್ರಹಾಂ ಅವರ ಮೂಲಪುರುಷ. ತಂದೆಯ ಹೆಸರು ಕಳಚಿ ಬಿದ್ದು, ಮೂಲಪುರುಷನೇ ತಂದೆಯಾಗುತ್ತಾನೆ. ಇಲ್ಲಿ ಒಡೆಯನ ಹೆಸರೂ ಅಬ್ರಹಾಂ. ಯಾವ ಕಡೆಯಿಂದ ನೋಡಿದರೂ ಒಬ್ಬ ಅಬ್ರಹಾಮನ ಸ್ವತ್ತು. ನನಗೆ ಆ ಕಚೇರಿಯ ನಮೂನೆಯ ಮೇಲಿನ ಚೌಕ ಕಣ್ಣಿಗೆ ಕಟ್ಟಿತು.

ಇದು ಯಹೂದಿಗಳ ದೋಷ ಅಂತ ಯಾರೂ ತಿಳಿಯಬಾರದು. ಆ ಕಾಲದಲ್ಲಿ ಮನುಷ್ಯರನ್ನು ಕೊಳ್ಳುವುದರಲ್ಲಿ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ನಮ್ಮ ಹಿಂದೂ ಒಡೆಯರು ಯಾರೂ ಹಿಂದೆ ಬಿದ್ದಿರಲಿಲ್ಲ. ಅಬ್ರಹಾಂ ಆಶುವನ್ನು ಇಲ್ಲಿಯವರಿಂದಲೇ ತಾನೆ ಪಡೆದದ್ದು? ಮಾರುವವನಿಲ್ಲದೆ ಕೊಳ್ಳುವವನು ಇರುವುದಿಲ್ಲ. ಅವಳ ಕುಲದ ಬಗ್ಗೆ ಒಂದು ಎಳೆ ಮಾತ್ರ ಇದೆ. ಅಬ್ರಹಾಮನ ಲೆಕ್ಕದ ಚೀಟಿಯೊಂದರಲ್ಲಿ ‘ಆಶುವಿನ ಸೋದರ ನಾಯರ್’ ಎಂದು ಬರುತ್ತದೆ. ಇದನ್ನು ಹಿಡಿದು ಅವಳು ಮಲೆಯಾಳ ಕಡೆಯ ನಾಯರ್ ಕುಲದವಳಿರಬೇಕೆಂದು ಘೋಷ್ ಊಹಿಸುತ್ತಾರೆ. ಇರಬಹುದು. ಏಡನ್ನಿಗೆ ಹೋದ ಪತ್ರಗಳಲ್ಲಿ ಕಾಣದ ಅವಳ ಬಳಗ, ಹಣದ ಲೆಕ್ಕದಲ್ಲಿ ಮಾತ್ರ ಒಮ್ಮೆ ತಲೆ ಎತ್ತಿತು.

ಬೊಮ್ಮನ ಕಥೆ ಬೇರೆ. ಕಾಗದದಲ್ಲಿ ಅವನ ಹೆಸರು ಮೂರೇ ಅಕ್ಷರ: ಬ, ಮ, ಹ. ಹೀಬ್ರೂ ಲಿಪಿಯಲ್ಲಿ ಸ್ವರ ಬರೆಯುವುದು ಕಡಿಮೆ, ಒತ್ತಕ್ಷರದ ಗುರುತೂ ಇರುವುದಿಲ್ಲ. ವಿದ್ವಾಂಸರು ‘ಬಾಮಾ’ ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ಬಿ. ಎ. ವಿವೇಕ ರೈಯವರನ್ನು ಕಂಡು ಚರ್ಚಿಸಿದ ಮೇಲೆ ಆ ಮೂರು ಅಕ್ಷರಕ್ಕೆ ಜೀವ ಬಂತು. ಅದು ಬೊಮ್ಮ! ನಮ್ಮ ಹನ್ನೆರಡನೇ ಶತಮಾನದ ಶಾಸನ, ವೀರಗಲ್ಲುಗಳಲ್ಲಿ ಎಷ್ಟೊಂದು ಬೊಮ್ಮಂದಿರು. ಅದೇ ಕಾಲದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯ. ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲಿ ಬಗೆಹರಿಯದ ಹೆಸರು ನಮ್ಮ ಹಳ್ಳಿಯ ಯಾವ ಮುದುಕಿಗಾದರೂ ತಟ್ಟನೆ ಗೊತ್ತಾಗುವಂಥದ್ದು.

ಈ ಬೊಮ್ಮ ಮನೆಯಲ್ಲಿ ನೀರು ಹೊರುವ ಆಳಲ್ಲ. ಒಡೆಯನ ಸರಕು ಹೇರಿಕೊಂಡು ಮಂಗಳೂರಿನಿಂದ ಏಡನ್ನಿಗೆ ಹೋಗಿ ಮಾರಿ, ಹಣ ಎಣಿಸಿ, ಬೇಕಾದ್ದು ಕೊಂಡು ಬರುವವನು. 1135ರಲ್ಲಿ ಕೀಶ್ ದ್ವೀಪದ ಅಮೀರ ಹಡಗು ಪಡೆ ಕಳಿಸಿ ಏಡನ್ನಿಗೆ ಮುತ್ತಿಗೆ ಹಾಕಿದಾಗ ಅವನು ಅಲ್ಲೇ ಇದ್ದ. ಅಲ್ಲಿ ಅವನಿಗೆ ತಿಂಗಳಿಗೆ ಎರಡು ದೀನಾರು. ಫುಸ್ತಾತಿನಲ್ಲಿ ಒಂದು ಸಾಧಾರಣ ಸಂಸಾರ ಸಾಗಲು ಅಷ್ಟು ಬೇಕಾಗುತ್ತಿತ್ತೆಂದು ಗೊಯ್ಟೈನ್ ಲೆಕ್ಕ ಹಾಕಿದ್ದಾರೆ. ಆದರೆ ಬೊಮ್ಮ ಕುಡಿದು ಬಂದು ಇನ್ನಷ್ಟು ಕೊಡು ಅಂತ ಕೂತುಬಿಟ್ಟನೆಂದು ಮದ್ಮೂನ್ ಮಂಗಳೂರಿಗೆ ದೂರು ಬರೆದ. ಆ ದೂರು ಓದಿ ನನಗೆ ನಗು ಬಂತು, ಖುಷಿಯೂ ಆಯಿತು. ಏಡನ್ನಿನ ದೊಡ್ಡ ಸಾಹುಕಾರನ ಬಾಗಿಲಲ್ಲಿ ನಿಂತು ‘ಸಾಲದು, ಇನ್ನೂ ಕೊಡು’ ಅಂದ ನಮ್ಮವನೊಬ್ಬನ ದನಿ ಈ ರಾಶಿಯಲ್ಲಿ ಕೇಳುವುದು ಇಲ್ಲೇ. ಅದೂ ಒಡೆಯನ ಕಡೆಯವರ ದೂರಿನಲ್ಲಿ. ನಮ್ಮವರ ದನಿ ಚರಿತ್ರೆಯಲ್ಲಿ ಸಿಗುವುದು ಬಹುಪಾಲು ಹೀಗೇ, ಪೊಲೀಸ್ ಠಾಣೆಯ ಪುಸ್ತಕದಲ್ಲಿ, ಧಣಿಯ ಫಿರ್ಯಾದಿನಲ್ಲಿ.

ವರ್ಷ ಕಳೆದಂತೆ ಬೊಮ್ಮನಿಗೆ ಗೌರವ ಬಂತು. 1148ರ ಪತ್ರದಲ್ಲಿ ಖಲಫ್ ಎಂಬ ಏಡನ್ನಿನ ವ್ಯಾಪಾರಿ ಅಬ್ರಹಾಮನಿಗೆ ಬರೆಯುತ್ತಾ ಬೊಮ್ಮನಿಗೂ ನಮಸ್ಕಾರ ತಿಳಿಸಿದ್ದಾನೆ. ಇದನ್ನೆಲ್ಲ ಇಟ್ಟುಕೊಂಡು ಘೋಷ್ ಒಂದು ವಾದ ಹೂಡುತ್ತಾರೆ. ಅಂದಿನ ಗುಲಾಮಗಿರಿ ಅಮೆರಿಕದ ಹತ್ತಿ ಹೊಲದ ಗುಲಾಮಗಿರಿಯಂತಲ್ಲ, ಅದು ಒಡೆಯ-ಶಿಷ್ಯರ ಸಂಬಂಧದ ಹಾಗೆಯೂ ಇರುತ್ತಿತ್ತು, ಅದೇ ಕಾಲದ ವಚನಕಾರರೂ ಸೂಫಿಗಳೂ ತಮ್ಮನ್ನು ದೇವರ ಆಳು ಎಂದು ಕರೆದುಕೊಂಡರಲ್ಲ ಎಂದು. ಹತ್ತಿ ಹೊಲದ ಹಾಗಲ್ಲ ಎಂಬುದು ನಿಜ. ಉಳಿದದ್ದನ್ನು ಒಪ್ಪಲು ನನಗೆ ಆಗುವುದಿಲ್ಲ. ಶರಣರು ತಾವಾಗಿ ಆಳಾದವರು. ಯಾರ ಆಳೂ ಆಗದಿರಲು ಶಿವನ ಆಳಾದವರು. ಬೊಮ್ಮನನ್ನು ಕೇಳಿ ಯಾರು ಕೊಂಡರು? ಒಳ್ಳೆಯ ಒಡೆಯ ಸಿಕ್ಕಿದ ಎಂಬುದು ಅದೃಷ್ಟ, ವ್ಯವಸ್ಥೆಯ ಗುಣವಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ಅಧಿಕಾರಿ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ತಿರುಗಿದಾಗ ಗದ್ದೆಯ ಆಳುಗಳನ್ನು ಕೊಂಡು ಮಾರುವುದು ಇನ್ನೂ ನಡೆದಿತ್ತು, ಅವನು ಬರೆದಿಟ್ಟಿದ್ದಾನೆ. ಗುಲಾಮಗಿರಿಗೆ ಕೋರ್ಟಿನಲ್ಲಿ ಮಾನ್ಯತೆ ಇಲ್ಲವೆಂದು ಕಾಯ್ದೆ ಆದದ್ದು 1843ರಲ್ಲಿ. ಕಾಯ್ದೆ ಆದ ಮೇಲೂ ಭೂಮಿಯ ಜೊತೆಗೇ ಮನುಷ್ಯರು ಕೈ ಬದಲಾಯಿಸಿದರು. ಆ ಗದ್ದೆಯಲ್ಲಿ ನಿಂತು ನೋಡುವವನಿಗೆ ‘ಮೃದು ಗುಲಾಮಗಿರಿ’ ಅನ್ನುವ ಮಾತು ಹೊಟ್ಟೆ ತುಂಬಿದವನ ಮಾತಾಗಿ ಕೇಳಿಸುತ್ತದೆ.

ಇನ್ನೊಂದು. ನಮಸ್ಕಾರ ಬಂದದ್ದು ಬೊಮ್ಮನಿಗೆ. ಆಶುವಿಗೆ? ಅಬ್ರಹಾಮನ ಮಕ್ಕಳಿಗೆ ಏಡನ್ನಿನ ಗೆಳೆಯರು ಹಾರೈಕೆ ಬರೆಯುತ್ತಾರೆ. ಆ ಮಕ್ಕಳ ತಾಯಿಯ ಹೆಸರು ಹಿಡಿದು ಒಂದು ಸಾಲಿನ ಕ್ಷೇಮ ವಿಚಾರಣೆ ಇಲ್ಲ. ಪರರ ಹೆಂಡತಿಯ ಹೆಸರು ಪತ್ರದಲ್ಲಿ ಎತ್ತದಿರುವುದು ಅಂದಿನ ಮರ್ಯಾದೆ ಅಂತ ಕೆಲವರು ಹೇಳಬಹುದು. ಮರ್ಯಾದೆಯೇ ಇರಲಿ, ತಾತ್ಸಾರವೇ ಇರಲಿ, ಫಲ ಒಂದೇ. ಬೊಮ್ಮನ ಕೈಯಲ್ಲಿ ಹಣ ಓಡಾಡುತ್ತಿತ್ತು, ಹಣದ ಹಿಂದೆ ಕಾಗದ ಓಡಿತು. ಆಶುವಿನ ಕೈಯಲ್ಲಿ ಇದ್ದದ್ದು ಮಕ್ಕಳು. ಮಕ್ಕಳನ್ನು ಎತ್ತಿ ಆಡಿಸಿದ್ದಕ್ಕೆ, ಜ್ವರ ಬಂದಾಗ ರಾತ್ರಿ ಕೂತದ್ದಕ್ಕೆ ಯಾವ ವ್ಯಾಪಾರಿಯೂ ರಸೀದಿ ಬರೆಯುವುದಿಲ್ಲ.

1148ರಲ್ಲಿ ಸಿಸಿಲಿಯ ಕ್ರೈಸ್ತ ದೊರೆ ರೋಜರನ ಸೈನ್ಯ ಮಹ್ದಿಯಾವನ್ನು ಹಿಡಿಯಿತು. ಅಬ್ರಹಾಮನ ಒಡಹುಟ್ಟಿದವರು ಮನೆಮಠ ಕಳೆದುಕೊಂಡು ಸಿಸಿಲಿಯ ಪಾಲಾದರು. ಮರುವರ್ಷ ಅಬ್ರಹಾಂ ಮಂಗಳೂರು ಬಿಟ್ಟು ಏಡನ್ನಿಗೆ ಬಂದ. 1149ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಅವರಿಗೆ ಒಂದು ಕಾಗದ ಬರೆದ. ಅದರ ಸಾರ ಇಷ್ಟು: ನಾನು ಭಾರತದಿಂದ ಜೀವ, ಹಣ, ಮಕ್ಕಳ ಸಮೇತ ಸುಖವಾಗಿ ಬಂದಿದ್ದೇನೆ, ನನ್ನ ಹತ್ತಿರ ಇರುವುದರಲ್ಲಿ ನಾವೆಲ್ಲರೂ ಬದುಕಬಹುದು, ಬನ್ನಿ, ನನಗೊಬ್ಬ ಮಗಳಿದ್ದಾಳೆ, ಅವಳನ್ನು ನಿಮ್ಮ ಗಂಡುಮಕ್ಕಳಲ್ಲಿ ಒಬ್ಬನಿಗೆ ಕೊಡುತ್ತೇನೆ. ಕಷ್ಟದಲ್ಲಿರುವ ಒಡಹುಟ್ಟಿದವರಿಗೆ ಒಬ್ಬ ವಲಸೆಗಾರ ಬರೆದ ಈ ಪತ್ರ ನಿಜಕ್ಕೂ ಮನ ಕರಗಿಸುವಂಥದ್ದು. ಬೊಂಬಾಯಿಗೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮ ಮಂಗಳೂರಿನವರ ಮನೆಗಳಲ್ಲೂ ಇಂಥ ಕಾಗದಗಳು ಇದ್ದಾವು. ಹಣ ಇದೆ, ಮಕ್ಕಳಿದ್ದಾರೆ. ಮಕ್ಕಳ ತಾಯಿ ಎಲ್ಲಿ? ಆಶು ಹಡಗು ಹತ್ತಿದಳು ಎಂದು ಯಾವ ಕಾಗದವೂ ಹೇಳುವುದಿಲ್ಲ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ತಮ್ಮ ಮುಬಶ್ಶಿರ್ ಬಂದು ಅಣ್ಣನಿಂದ ಸಾವಿರ ದೀನಾರು ಎತ್ತಿಹಾಕಿದ. ಯೆಮನ್‌ನಲ್ಲಿ ಮಗ ತೀರಿಕೊಂಡ. ಉಳಿದದ್ದು ಮಗಳೊಬ್ಬಳೇ. ಅಬ್ರಹಾಂ ಒಳನಾಡಿನ ಧೂ ಜಿಬ್ಲಾ ಎಂಬ ಊರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದಾಗ, ಅವಳು ಮೂರು ವರ್ಷ ಏಡನ್ನಿನ ಒಂದು ದೊಡ್ಡ ಮನೆಯಲ್ಲಿ ಬೆಳೆದಳು. ಇದರ ಮೇಲೆ ಜನರ ಬಾಯಿ. ದಾಸಿಯ ಮಕ್ಕಳು ನಿಜವಾಗಿ ನಮ್ಮವರೇ? ಅಬ್ರಹಾಮನ ಕೈಬರಹದಲ್ಲೇ ಧರ್ಮಶಾಸ್ತ್ರದ ಕೆಲವು ಕರಡುಗಳಿವೆ. ದಾಸಿಯನ್ನು ಬಿಡುಗಡೆ ಮಾಡಿ ಕೂಡಿಕೊಂಡವನ ಮಕ್ಕಳ ಸ್ಥಾನಮಾನವೇನು ಎಂಬ ಪ್ರಶ್ನೆಗಳು. ಅವು ಅವನ ಸ್ವಂತ ಮನೆಯ ಸಂಕಟಕ್ಕೇ ಸಂಬಂಧಪಟ್ಟವು ಎಂದು ಫ್ರೀಡ್‌ಮನ್ ಓದಿದ್ದಾರೆ. ಮಂಗಳೂರಿನ ಬಿಡುಗಡೆ ಪತ್ರವನ್ನು ಅಷ್ಟು ವರ್ಷ, ಅಷ್ಟು ದೇಶ ಸುತ್ತಿ ಜೋಪಾನ ಮಾಡಿದ್ದು ಯಾಕೆಂದು ಈಗ ತಿಳಿಯುತ್ತದೆ. ಅದು ಆಶುವಿನ ನೆನಪಿನ ಕಾಗದವಲ್ಲ. ಮಕ್ಕಳ ಜಾತಿ ಪ್ರಮಾಣ ಪತ್ರ!

ಹಾಗಂತ ಅಬ್ರಹಾಮನನ್ನು ಕೆಟ್ಟವನೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಷ್ಟೋ ಒಡೆಯರು ದಾಸಿಯ ಹೊಟ್ಟೆಯ ಮಕ್ಕಳನ್ನು ಬಂದರಿನಲ್ಲೇ ಬಿಟ್ಟು ಹೋದರು. ಇವನು ಕರೆದುಕೊಂಡು ಹೋದ, ಮಕ್ಕಳ ಪರವ�ಾಗಿ ಶಾಸ್ತ್ರ ತೆಗೆದು ವಾದಿಸಿದ. ಆ ವಾದ ನಡೆದ ರೀತಿ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಯಹೂದಿ ಶಾಸ್ತ್ರದಲ್ಲಿ ಮಗುವಿನ ಕುಲ ತಾಯಿಯಿಂದ. ಇತ್ತ ನಾಯರರಲ್ಲೂ ತುಳುನಾಡಿನ ಅಳಿಯಕಟ್ಟಿನಲ್ಲೂ ಮಗು ತಾಯಿಯ ಮನೆಗೆ ಸೇರಿದ್ದು. ಅಳಿಯಕಟ್ಟು ಆಗಲೇ ಎಷ್ಟು ಬೇರುಬಿಟ್ಟಿತ್ತು ಎಂಬುದರ ಬಗ್ಗೆ ವಾದಗಳಿವೆ, ಇರಲಿ. ಆಶು ನಿಜಕ್ಕೂ ನಾಯರ್ ಹೆಣ್ಣಾಗಿದ್ದರೆ, ಅವಳ ಹೊಟ್ಟೆಯ ಮಕ್ಕಳು ಅತ್ತ ಕಡೆಯ ಶಾಸ್ತ್ರದಲ್ಲೂ ತಾಯಿಯವರು, ಇತ್ತ ಕಡೆಯ ಕಟ್ಟಿನಲ್ಲೂ ತಾಯಿಯವರು. ಎರಡು ದೇಶದ ಎರಡು ಕಾನೂನು ಒಂದೇ ಹೆಂಗಸಿನ ಮೇಲೆ ನಿಂತಿವೆ. ಆದರೂ ಮನೆತನದ ಕಾಗದದಲ್ಲಿ ಅಜ್ಜನಿದ್ದಾನೆ, ಅಪ್ಪನಿದ್ದಾನೆ, ಮೋಸ ಮಾಡಿದ ಚಿಕ್ಕಪ್ಪನೂ ಇದ್ದಾನೆ. ಅವ್ವ ಇಲ್ಲ.

ಏಡನ್ನಿನ ಆ ದೊಡ್ಡ ಮನೆಯವರು ಹುಡುಗಿಯನ್ನು ತಮ್ಮ ಮಗನಿಗೆ ಕೇಳಿದರು. ಅಬ್ರಹಾಂ ಒಪ್ಪಲಿಲ್ಲ. ಹೊರಗಿನವರಿಗಿಂತ ನಿನ್ನ ಮಗನಿಗೇ ಹಕ್ಕು ಹೆಚ್ಚು ಎಂದು ಯೂಸುಫನಿಗೆ ಬರೆದ. ದಾಸಿಯ ಮಗಳೆಂಬ ಮಾತನ್ನು ಸ್ವಂತ ರಕ್ತದಿಂದಲೇ ಮುಚ್ಚಬೇಕೆಂದಿತ್ತೋ, ವಲಸೆ ಹೋದವನಿಗೆ ವಯಸ್ಸಾದಂತೆ ಊರು, ಬಳಗ ಎಳೆಯುತ್ತದಲ್ಲ, ಅದೋ. ಎರಡೂ ಇರಬೇಕು. 1156ರಲ್ಲಿ ಫುಸ್ತಾತಿನಲ್ಲಿ ಅವಳಿಗೂ ಯೂಸುಫನ ಮಗ ಪೆರಾಹ್ಯಾನಿಗೂ ಮದುವೆಯಾಯಿತು. ಹತ್ತು ಹನ್ನೊಂದು ವರ್ಷ ಕಳೆದ ಮೇಲೆ ಇತ್ತ ಕಲ್ಯಾಣದಲ್ಲಿ ಮದುವೆಯೊಂದರ ಹೆಸರಿನಲ್ಲಿ ರಕ್ತ ಹರಿಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಮದುವೆ. ಆ ಮದುವೆಗೂ ಈ ಮದುವೆಗೂ ಯಾವ ನಂಟೂ ಇಲ್ಲ. ಕಲ್ಯಾಣದವರು ಕುಲವನ್ನು ಒಡೆಯಲು ಮದುವೆ ಮಾಡಿದರು; ಅಬ್ರಹಾಂ ಕುಲದೊಳಗೆ ಸೇರಿಕೊಳ್ಳಲು ಮದುವೆ ಮಾಡಿದ. ಕಾಲ ಮಾತ್ರ ಒಂದೇ.

ಆ ಮಗಳ ಹೆಸರು ಸಿತ್ತ್ ಅಲ್-ದಾರ್. ಅರಬ್ಬಿಯಲ್ಲಿ ಅದರ ಅರ್ಥ ಮನೆಯೊಡತಿ ಎಂದು. ದಾಸಿಯಾಗಿದ್ದವಳ ಮಗಳಿಗೆ ಮನೆಯೊಡತಿ ಎಂದು ಹೆಸರು ಹುಡುಕಿದ್ದು ಯಾರು? ಅಪ್ಪ ಇರಬೇಕು. ಅವ್ವನೂ ಕೂತು ಯೋಚಿಸಿರಬೇಕೆಂದು ನನ್ನ ಹಟ. ಮಂಗಳೂರಿನಲ್ಲಿ ಹುಟ್ಟಿದ ಆ ಹುಡುಗಿ ಮಾತು ಕಲಿತದ್ದು ಅವ್ವನ ಬಾಯಿಂದಲೇ ತಾನೆ? ಫುಸ್ತಾತಿನ ಅತ್ತೆಮನೆಯಲ್ಲಿ ಕೈ ಸುಟ್ಟುಕೊಂಡಾಗ ಯಾವ ಭಾಷೆಯಲ್ಲಿ ‘ಅಮ್ಮಾ’ ಅಂದಳೋ. ಮದುವೆಗೆ ಅವಳು ತಂದ ಒಡವೆ ವಸ್ತ್ರಗಳ ಪಟ್ಟಿ ಗೆನಿಜಾದಲ್ಲಿ ಉಳಿದಿದೆ. ಗಂಡ ಪೆರಾಹ್ಯಾ ಮುಂದೆ ನ್ಯಾಯಾಧೀಶನಾದ.

ಬೊಮ್ಮನ ಕೊನೆಯ ಸುಳಿವು ಅಮೆರಿಕದಲ್ಲಿದೆ. ಫಿಲಡೆಲ್ಫಿಯಾದ ಸಂಗ್ರಹದಲ್ಲಿ ಅಬ್ರಹಾಮನ ಕೈಬರಹದ ಒಂದು ಲೆಕ್ಕದ ಚೀಟಿ ಇದೆ. ಅವನು ಈಜಿಪ್ಟಿಗೆ ಮರಳಿ ನೆಲೆಸಿದ ಮೇಲೆ ಬರೆದದ್ದು. ಅದರಲ್ಲಿ ಬೊಮ್ಮನ ಹೆಸರಿದೆ. ಅಂದರೆ ಒಡೆಯನ ಜೊತೆಗೇ ಅಷ್ಟು ದೂರ ಹೋಗಿದ್ದಾನೆ. ಘೋಷ್ ಅಲ್ಲಿಗೆ ಹೋಗಿ ಆ ಚೀಟಿ ನೋಡಿದಾಗ ಬಾಗಿಲಲ್ಲಿ ಕಾವಲುಗಾರರಿದ್ದರಂತೆ. ಇಂದು ಗೆನಿಜಾದ ಸಾವಿರಾರು ತುಣುಕುಗಳ ಚಿತ್ರ ಕಂಪ್ಯೂಟರಿನಲ್ಲೇ ನೋಡಲು ಸಿಗುತ್ತದೆ. ನಾನೂ ನೋಡಿದೆ. ಲಿಪಿ ಬಾರದು, ಗೀಚಿದ ಸಾಲುಗಳ ಮೇಲೆ ಕಣ್ಣಾಡಿಸಿದೆ ಅಷ್ಟೆ.

ವಂಶವೃಕ್ಷದ ಕಾಗದ ಬಂತು. ಅಣ್ಣನ ಮಗನ ಕೆಲಸವೂ ಆಯಿತು. ಅವ್ವ ಮೊನ್ನೆ ಇದ್ದಕ್ಕಿದ್ದ ಹಾಗೆ, ‘ಲೇ ಮಗ, ದೊಡ್ಡವ್ವನ್ನ ಗೌಡರ ಮನೇಲಿ ಕೆಂಪಿ ಅಂತ ಕೂಗೋರು ಕಣೋ. ಅದು ಅವಳ ಹೆಸರೋ, ಅವರು ಇಟ್ಟಿದ್ದೋ’ ಅಂದಳು. ನಾನು ಆ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಕೆಂಪಿ’ ಅಂತ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ.